ಶ್ರುತಿ ಸೇರಿದೆ, ಆದರೆ ತಂಬೂರಿ ಹಾಡುತ್ತಿಲ್ಲ: ತಪ್ಪು ಹುಡುಕುವ ದಾರಿ

ನಾಲ್ಕೂ ತಂತಿ ಶ್ರುತಿ ಸೇರಿವೆ. ಫೋನಿನ ಟ್ಯೂನರ್ ಹಸಿರು ತೋರಿಸುತ್ತಿದೆ. ಆದರೂ ಮೀಟಿದರೆ ದನಿ ‘ದಬ್’ ಅಂತ ಎದ್ದು ಅಲ್ಲೇ ಕೂತುಬಿಡುತ್ತದೆ. ಅರಳುವುದಿಲ್ಲ, ಕೋಣೆ ತುಂಬುವುದಿಲ್ಲ. ತಂಬೂರಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಇದನ್ನು ಕಂಡೇ ಇರುತ್ತಾರೆ.

ನಮ್ಮ ಮನೆಯ ತಂಬೂರಿಗೆ ಇದು ಆಗಿದ್ದು ಹೋದ ಮಳೆಗಾಲದಲ್ಲಿ. ತಂತಿಗಳಿಗೆ ತುಕ್ಕು ಹಿಡಿದಿತ್ತು. ರಿಪೇರಿಗೆ ಕೊಟ್ಟು ನಾಲ್ಕನ್ನೂ ಹೊಸದಾಗಿ ಹಾಕಿಸಿದೆವು. ಮನೆಗೆ ತಂದು ಶ್ರುತಿ ಮಾಡಿದರೆ ಪಂಚಮ (ಪ), ಸಾರಣಿ, ಅನುಸಾರಣಿ (ಎರಡೂ ಸ) ಮೂರೂ ಚೆನ್ನಾಗಿ ನುಡಿದವು. ಕೆಳಗಿನ ಸ ನುಡಿಯುವ ಮಂದ್ರದ ಹಿತ್ತಾಳೆ ತಂತಿ ಮಾತ್ರ ಹಲಗೆ ಬಡಿದ ಹಾಗೆ. ಮಗಳು ಹಾಡೋಕೆ ಕೂತಳು. ಎರಡು ನಿಮಿಷಕ್ಕೆ ನಿಲ್ಲಿಸಿ, “ಅಪ್ಪಾ, ಗಾಂಧಾರ ಎಲ್ಲಿ ಹೋಯ್ತು?” ಅಂತ ಕೇಳಿದಳು. ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ನನಗೆ ಅದು ಹೊಳೆಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಸುತ್ತಿದ ದಾರಿಯನ್ನು ನೇರ ಮಾಡಿ ಇಲ್ಲಿ ಬರೆದಿದ್ದೇನೆ. ನಿಮ್ಮದು ಒಂದು ಗಂಟೆಯಲ್ಲಿ ಮುಗಿಯಲಿ.

ಶುರುವಿಗೇ ಒಂದು ಮಾತು. ಕುದುರೆಗೆ, ಅಂದರೆ ಹಲಗೆಯ ಮೇಲೆ ತಂತಿಗಳು ಒರಗಿರುವ ತುಂಡಿಗೆ, ಅರ, ಸ್ಯಾಂಡ್‌ಪೇಪರ್ ಯಾವುದನ್ನೂ ಮುಟ್ಟಿಸಬೇಡಿ. ದನಿ ಸತ್ತಿದೆ ಅಂದ ತಕ್ಷಣ ‘ಜವಾರಿ ಕೆಟ್ಟಿದೆ, ಕುದುರೆ ಉಜ್ಜಿಸಿ’ ಅಂತ ಹೇಳುವವರು ಜಾಸ್ತಿ. (ಜವಾರಿ ಅಂದರೆ ಕುದುರೆಯ ಮೇಲ್ಮೈ ತಂತಿಗೆ ಕೊಡುವ ಝೇಂಕಾರ.) ಕುದುರೆಯ ಮೇಲೆ ತಂತಿಯ ಕೆಳಗಿಡುವ ದಾರ ಜರುಗಿಸಿದರೆ ಮತ್ತೆ ಹಿಂದಕ್ಕೆ ಜರುಗಿಸಬಹುದು, ತಂತಿ ಬದಲಿಸಿದರೆ ಇನ್ನೊಂದು ಹಾಕಬಹುದು. ಉಜ್ಜಿದ ಮೂಳೆ, ಉಜ್ಜಿದ ಮರ ವಾಪಸ್ ಬರುವುದಿಲ್ಲ. ಅದಕ್ಕೇ ಈ ಕೈಪಿಡಿಯಲ್ಲಿ ಕುದುರೆ ಕೊನೆಗೆ ಬರುತ್ತದೆ.

ಕಾಣೆಯಾಗಿರುವುದು ಏನು?

ನಮ್ಮದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ (G) ಸ. ಸಾರಣಿ ಸೆಕೆಂಡಿಗೆ 196 ಸಲ ಅಲುಗುತ್ತದೆ, ಮಂದ್ರ 98 ಸಲ. ಆದರೆ ಮಂದ್ರದ ತಂತಿ ಬರೀ 98 ಹರ್ಟ್ಜ್ ನುಡಿಯುವುದಿಲ್ಲ. ಅದರ ಜೊತೆಗೇ 196, 294, 392, 490, 588 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲ್ಸ್ವರಗಳು ಇರುತ್ತವೆ. ಎರಡನೆಯದು ಮೇಲಿನ ಸ. ಮೂರನೆಯದು ಪ. ನಾಲ್ಕನೆಯದು ಅದಕ್ಕೂ ಮೇಲಿನ ಸ. ಐದನೆಯದು, ಅಂದರೆ 490 ಹರ್ಟ್ಜ್, ಅಂತರ ಗಾಂಧಾರ. ಯಾರೂ ಗಾಂಧಾರಕ್ಕೆ ತಂತಿ ಕಟ್ಟಿಲ್ಲ, ಆದರೂ ಒಳ್ಳೆಯ ತಂಬೂರಿಯಲ್ಲಿ ಗ ತಾನಾಗಿ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಅನ್ನುವುದು ಇದನ್ನೇ. ಮಗಳು ಹುಡುಕುತ್ತಿದ್ದದ್ದೂ ಇದನ್ನೇ.

ಈ ಮೆಟ್ಟಿಲುಗಳಲ್ಲಿ ಯಾವುದು ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ದನಿಯ ಬಣ್ಣ ನಿಂತಿದೆ. ಕೊಳಲಿನ ಸ, ಹಾರ್ಮೋನಿಯಂನ ಸ, ತಂಬೂರಿಯ ಸ ಮೂರೂ 196 ಹರ್ಟ್ಜೇ ಇರಬಹುದು. ಆದರೆ ಕೊಳಲಿನಲ್ಲಿ ಕೆಳಗಿನ ಎರಡು ಮೂರು ಮೆಟ್ಟಿಲಿನಲ್ಲೇ ಬಹುಪಾಲು ಬಲ ಇರುತ್ತದೆ, ಅದಕ್ಕೇ ಅದು ಮೃದು. ಹಾರ್ಮೋನಿಯಂ ರೀಡಿನಲ್ಲಿ ಮೇಲಿನ ಮೆಟ್ಟಿಲುಗಳೂ ಗಟ್ಟಿ, ಅದಕ್ಕೇ ಅದು ಚುಚ್ಚುತ್ತದೆ. ಕ್ಲ್ಯಾರಿನೆಟ್ಟಿನ ಕೆಳಗಿನ ಸ್ವರಗಳಲ್ಲಿ 1, 3, 5 ಹೀಗೆ ಬೆಸ ಮೆಟ್ಟಿಲುಗಳದ್ದೇ ದರ್ಬಾರು, ಅದರಿಂದ ಆ ಟೊಳ್ಳು ಟೊಳ್ಳಾದ ದನಿ. ಸ್ಯಾಕ್ಸೋಫೋನಿನ ಕೊಳವೆ ಊದುವ ತುದಿಯಿಂದ ಆಚೆಗೆ ಅಗಲವಾಗುತ್ತಾ ಹೋಗುವುದರಿಂದ ಅದರಲ್ಲಿ ಸಮ ಮೆಟ್ಟಿಲುಗಳೂ ಇವೆ. ಎರಡೂ ಒಂದೇ ಥರದ ರೀಡಿನ ವಾದ್ಯಗಳು, ದನಿ ಮಾತ್ರ ಬೇರೆ ಬೇರೆ.

ಟ್ಯೂನರ್ ನೋಡುವುದು ಶ್ರುತಿಯನ್ನು ಮಾತ್ರ. ಯಾವ ಮೆಟ್ಟಿಲು ಜೋರು, ಯಾವುದು ಕ್ಷೀಣ ಅಂತ ಅದು ಹೇಳುವುದಿಲ್ಲ. ಹಾಗಾಗಿ ಹಸಿರು ದೀಪ ನೋಡಿ ‘ಎಲ್ಲ ಸರಿಯಿದೆ’ ಅಂದುಕೊಂಡರೆ ಮೋಸ ಹೋಗುತ್ತೇವೆ. ಇನ್ನೂ ಒಂದು ವಿಷಯ ಇದೆ. ನಮ್ಮ ಕಿವಿ 2000ದಿಂದ 5000 ಹರ್ಟ್ಜ್ ನಡುವಿನ ಶಬ್ದಕ್ಕೆ ತುಂಬ ಚುರುಕು, 100 ಹರ್ಟ್ಜ್ ಹತ್ತಿರ ಮಂದ. ಮಂದ್ರದ ಇಪ್ಪತ್ತನೆಯ ಮೆಟ್ಟಿಲು 1960 ಹರ್ಟ್ಜ್. ಅಷ್ಟು ಎತ್ತರದ್ದು ಸ್ವಲ್ಪವೇ ಇದ್ದರೂ ಕಿವಿಗೆ ಮಿಂಚಿನ ಹಾಗೆ ತಾಗುತ್ತದೆ. ಅದು ಹೋದರೆ, ತಂತಿ ಮೊದಲಿನಷ್ಟೇ ಅಲುಗುತ್ತಿದ್ದರೂ ದನಿ ಸತ್ತಂತೆ. ಇನ್ನಷ್ಟು ಜೋರಾಗಿ ಮೀಟಿ ಉಪಯೋಗ ಇಲ್ಲ.

ಮೊದಲು, ಇದು ತಂಬೂರಿಯ ತಪ್ಪೇ ಅಂತ ನೋಡಿ

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ ‘ಮಂದ್ರ ಸತ್ತಿದೆ’ ಅಂತ ತೀರ್ಮಾನ ಮಾಡಬೇಡಿ. ಫೋನಿನ ಚಿಕ್ಕ ಸ್ಪೀಕರಿಗೆ 98 ಹರ್ಟ್ಜ್ ನುಡಿಸುವ ಶಕ್ತಿ ಇಲ್ಲ, 196 ಕೂಡ ಕಷ್ಟವೇ. ಮೇಲಿನ ಮೆಟ್ಟಿಲುಗಳ ಅಂತರ ನೋಡಿ ನಮ್ಮ ಮಿದುಳು ಕೆಳಗಿನ ಸ ಅನ್ನು ತಾನೇ ಊಹಿಸಿಕೊಳ್ಳುತ್ತದೆ. ಹಾಗಾಗಿ ಶ್ರುತಿ ತಿಳಿಯುತ್ತದೆ, ತುಂಬು ಇರುವುದಿಲ್ಲ.

ವಿಡಿಯೊ ಕಾಲಿನಲ್ಲಿ ಪಾಠ ಹೇಳಿಸಿಕೊಳ್ಳುವವರಿಗೆ ಇನ್ನೊಂದು ತೊಂದರೆ. ಆ ಆ್ಯಪ್‌ಗಳು ಫ್ಯಾನಿನ ಸದ್ದು ಅಳಿಸಲು ಒಂದು ವ್ಯವಸ್ಥೆ ಇಟ್ಟಿರುತ್ತವೆ. ಒಂದೇ ಸಮನೆ ಬರುವ ಸದ್ದೆಲ್ಲ ಅದಕ್ಕೆ ಗಲಾಟೆಯೇ. ತಂಬೂರಿಯೂ ಒಂದೇ ಸಮನೆ ಬರುತ್ತದೆ, ಅಲ್ವಾ? ಅದನ್ನೂ ಅಳಿಸಿಬಿಡುತ್ತದೆ. ದೂರದ ಊರಿನಲ್ಲಿ, ಹೊರದೇಶದಲ್ಲಿ ಕೂತು ಕಲಿಯುವ ನಮ್ಮ ಮಕ್ಕಳು ‘ಗುರುಗಳ ತಂಬೂರಿ ಬಿಟ್ಟು ಬಿಟ್ಟು ಕೇಳುತ್ತೆ’ ಅನ್ನುವುದು ಬಹಳ ಸಲ ಇದಕ್ಕೇ. ಸೆಟ್ಟಿಂಗ್ಸ್‌ನಲ್ಲಿ ಸದ್ದು ಅಳಿಸುವುದನ್ನು ಆಫ್ ಮಾಡಿ.

ಕೋಣೆಯನ್ನೂ ನೋಡಿ. ದಪ್ಪ ಹಾಸಿಗೆ, ಪರದೆ, ಸೋಫಾ ಮೇಲಿನ ಮೆಟ್ಟಿಲುಗಳನ್ನು ಮೊದಲು ನುಂಗುತ್ತವೆ. ತಂಬೂರಿಯನ್ನು ಒಮ್ಮೆ ಬರಿ ನೆಲದ ಕೋಣೆಗೆ ಒಯ್ದು ಮೀಟಿ. ಮುಚ್ಚುವ ಬಟ್ಟೆಯ ಅಂಚೋ, ಸೆರಗೋ ಹಲಗೆಗೆ ತಾಗುತ್ತಿದೆಯೇ ಅಂತಲೂ ನೋಡಿಕೊಳ್ಳಿ. ವಯಸ್ಸಾದಂತೆ ಕಿವಿಗೆ ಎತ್ತರದ ಸದ್ದು ಮೊದಲು ಕಡಿಮೆಯಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಕೇಳಿ. ನಮ್ಮ ಮನೆಯಲ್ಲಿ ಮೊದಲು ತಪ್ಪು ಹಿಡಿದದ್ದು ಹನ್ನೆರಡು ವರ್ಷದ ಕಿವಿ.

ಫೋನಿಲ್ಲದೆ ನೇರವಾಗಿ ಕೇಳಿದಾಗಲೂ ಒಂದೇ ತಂತಿ ಸತ್ತು ಉಳಿದವು ಹಾಡುತ್ತಿದ್ದರೆ ಈ ಭಾಗ ಇಷ್ಟಕ್ಕೇ ಬಿಡಿ. ಕೋಣೆ, ಕಿವಿ ಯಾವುದೂ ಒಂದು ತಂತಿಯ ಮೇಲೆ ಮಾತ್ರ ಹಗೆ ಸಾಧಿಸುವುದಿಲ್ಲ.

ಗಾಂಧಾರ ಅಲೆಯುತ್ತಿದೆಯೋ, ಇಲ್ಲವೇ ಇಲ್ಲವೋ?

ಇವೆರಡನ್ನು ಬೇರೆ ಮಾಡಿ ಕೇಳಬೇಕು. ಸಾರಣಿ 196, ಅನುಸಾರಣಿ 196.5 ಇದೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿದಾಗ ಮೂಲ ಸ್ವರ ಎರಡು ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತದೆ. ಅಷ್ಟು ನಿಧಾನದ ಅಲೆ ನಮಗೆ ಗೊತ್ತೇ ಆಗದೆ ಹೋಗಬಹುದು. ಆದರೆ ಐದನೆಯ ಮೆಟ್ಟಿಲಿನಲ್ಲಿ ವ್ಯತ್ಯಾಸವೂ ಐದು ಪಟ್ಟು. ಅಲ್ಲಿ ಸೆಕೆಂಡಿಗೆ ಎರಡೂವರೆ ಸಲ ‘ವೊಂಯ್ ವೊಂಯ್’ ಅನ್ನುತ್ತದೆ. ಹತ್ತನೆಯದರಲ್ಲಿ ಐದು ಸಲ. ಸ ನಿಂತ ಹಾಗಿದ್ದು ಮೇಲೆಲ್ಲ ಕಲಕಿದಂತೆ ಕೇಳಿದರೆ ಶ್ರುತಿ ಇನ್ನೂ ಕೂದಲೆಳೆಯಷ್ಟು ಸೇರಿಲ್ಲ ಅಂತ ಅರ್ಥ. ತಂತಿ ಬಿಗಿಯುವ ಬಿರಡೆ ಮುಟ್ಟಬೇಡಿ, ಕುದುರೆಯ ಹಿಂದಿನ ಮಣಿ ಸ್ವಲ್ಪ ಜರುಗಿಸಿ. ಸ ಕೇಳಬೇಡಿ, ಗ ಕೇಳಿ. ಗ ನಿಂತರೆ ಸ ನಿಂತಿದೆ.

ಹೀಗೆ ಅಲೆಯುವುದಕ್ಕೂ ಗ ಇರಲೇಬೇಕು. ನಮ್ಮ ಮಂದ್ರದಲ್ಲಿ ಅಲೆಯಲು ಏನೂ ಇರಲಿಲ್ಲ.

ಬೆರಳಿನ ಪರೀಕ್ಷೆ

ಇದು ನನಗೆ ಅತ್ಯಂತ ಇಷ್ಟದ ಭಾಗ. ಯಾವ ಯಂತ್ರವೂ ಬೇಡ, ಅಳತೆ ಟೇಪು ಸಾಕು. ಮೇಲಿನ ಮೇರುವಿನಿಂದ (ದಂಡಿಯ ಮೇಲ್ತುದಿಯಲ್ಲಿ ತಂತಿ ಒರಗುವ ಪಟ್ಟಿ) ಕುದುರೆವರೆಗೆ ಅಳೆಯಿರಿ. ನಮ್ಮದರಲ್ಲಿ 80 ಸೆಂಟಿಮೀಟರ್. ಮಧ್ಯ 40ರಲ್ಲಿ, ಮೂರನೇ ಒಂದು ಭಾಗ 26 ಮತ್ತು 27ರ ನಡುವೆ, ಐದನೇ ಒಂದು ಭಾಗ 16ರಲ್ಲಿ. ಪೆನ್ಸಿಲಿನಿಂದ ಕಾಗದದ ಚೂರಿಗೆ ಗುರುತು ಹಾಕಿ ದಂಡಿಗೆ ಅಂಟಿಸಿ.

ಮೊದಲು ಕಿವಿಗೆ ದಾರಿ ತೋರಿಸಬೇಕು. ಎಡಗೈ ಬೆರಳನ್ನು 16ರ ಗುರುತಿನ ಮೇಲೆ ತಂತಿಗೆ ತಾಗಿಯೂ ತಾಗದಂತೆ ಇಡಿ. ಒತ್ತಬೇಡಿ, ನೊಣ ಕೂತಷ್ಟು ಹಗುರ. ಬಲಗೈಯಲ್ಲಿ ಕುದುರೆಯ ಕಡೆಗೆ ಮೀಟಿ, ಮೀಟಿದ ತಕ್ಷಣ ಎಡ ಬೆರಳು ಎತ್ತಿ. ಐದರ ಲೆಕ್ಕಕ್ಕೆ ಸೇರಿದ ಮೆಟ್ಟಿಲುಗಳು ಮಾತ್ರ ಉಳಿದು, ಮಂದ್ರದ ತಂತಿಯಿಂದ ಗಾಂಧಾರ ತೆಳ್ಳಗೆ ಬರುತ್ತದೆ. ಅದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಈಗ ಬರಿ ತಂತಿ ಮೀಟಿ. ಗ ಅದರೊಳಗೆ ಕೂತಿರುವುದು ಕೇಳಿಸುತ್ತದೆ. ಮೊದಲ ಸಲ ಹೀಗೆ ಕೇಳಿದವರ ಮುಖ ನೋಡಬೇಕು! ಇಷ್ಟು ವರ್ಷ ಎದುರಿಗಿದ್ದ ಸ್ವರ ಈಗ ಕಂಡಿತು ಅನ್ನುವ ಹಾಗೆ. 26 ಮುಕ್ಕಾಲರಲ್ಲಿ ಇಟ್ಟರೆ ಪ ಸಿಗುತ್ತದೆ, 40ರಲ್ಲಿ ಮೇಲಿನ ಸ.

ಈಗ ನಿಜವಾದ ಪರೀಕ್ಷೆ. ಇದರ ಹಿಂದೆ ಸಿ.ವಿ. ರಾಮನ್ ಇದ್ದಾರೆ. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದ ರಾಮನ್ ಅವರು ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗ, 1921ರ ಸುಮಾರಿಗೆ, ತಂಬೂರಿ ಮತ್ತು ವೀಣೆಯ ಕುದುರೆಗಳನ್ನು ಅಧ್ಯಯನ ಮಾಡಿ ಒಂದು ಚಿಕ್ಕ ಲೇಖನ ಬರೆದರು. ಆಗ ಎಲ್ಲರೂ ಒಪ್ಪಿದ್ದ ನಿಯಮ ಹೀಗಿತ್ತು: ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೀರೋ, ಆ ಜಾಗದಲ್ಲಿ ಅಲುಗದೆ ನಿಲ್ಲುವ ಮೆಟ್ಟಿಲುಗಳು ಹುಟ್ಟುವುದೇ ಇಲ್ಲ. ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು, ಆರು ಎಲ್ಲ ಕಾಣೆ. ಆದ್ದರಿಂದ ನಡುವೆ ಮೀಟಿ, ಆಮೇಲೆ ನಡುವೆಯೇ ಬೆರಳು ತಾಗಿಸಿದರೆ ಪೂರ್ತಿ ನಿಶ್ಶಬ್ದವಾಗಬೇಕು. ತಂಬೂರಿಯಲ್ಲಿ ಹಾಗಾಗಲಿಲ್ಲ. ಬೆರಳು ತಾಗಿಸಿದ ಮೇಲೂ ಮೇಲಿನ ಸ ಗಟ್ಟಿಯಾಗಿ ಹಾಡಿತು. ಕುದುರೆಯ ಮೇಲಿನ ದಾರ ಸರಿಯಾದ ಜಾಗದಲ್ಲಿದ್ದಾಗ ಇದು ಅತ್ಯಂತ ಚೆನ್ನಾಗಿ ಕೇಳಿಸುತ್ತದೆ.

ನೂರು ವರ್ಷದ ಹಿಂದಿನ ಆ ಪ್ರಯೋಗವನ್ನು ನಾವು ತಪ್ಪು ಹಿಡಿಯುವುದಕ್ಕೆ ಬಳಸಿಕೊಳ್ಳಬಹುದು. 40ರ ಗುರುತಿನಲ್ಲೇ ಮೀಟಿ. ಒಂದು ಎಣಿಸುವಷ್ಟು ಬಿಟ್ಟು ಅದೇ ಜಾಗದಲ್ಲಿ ಬೆರಳು ಹಗುರವಾಗಿ ತಾಗಿಸಿ. ಮೇಲಿನ ಸ ಉಳಿದು ಹಾಡಿದರೆ ಆ ತಂತಿಯಲ್ಲಿ ಕುದುರೆ ಕೆಲಸ ಮಾಡುತ್ತಿದೆ. ಎಲ್ಲ ಆರಿಹೋದರೆ, ನಿಮ್ಮ ತಂಬೂರಿ ಆ ತಂತಿಯ ಮಟ್ಟಿಗೆ ಮಾಮೂಲಿ ತಂತಿವಾದ್ಯವಾಗಿಬಿಟ್ಟಿದೆ. ಜಾಗ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಸುಳ್ಳು ಫಲ ಬರುತ್ತದೆ, ಆದ್ದರಿಂದ ನಾಲ್ಕೈದು ಸಲ ಮಾಡಿ. ಹೋಲಿಕೆಗೆ ಒಳ್ಳೆಯ ತಂತಿಯ ದಾರ ಪೂರ್ತಿ ತೆಗೆದು ಒಮ್ಮೆ ಮಾಡಿ ನೋಡಿ. ಆಗ ‘ಆರಿಹೋಗುವುದು’ ಹೇಗಿರುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ.

ನಮ್ಮ ಸಾರಣಿ ಹಾಡಿತು. ಅನುಸಾರಣಿ ಹಾಡಿತು. ಮಂದ್ರ ದೀಪ ಊದಿದ ಹಾಗೆ ಆರಿತು.

ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಇದ್ದರೆ ಇದನ್ನೇ ಕಣ್ಣಲ್ಲೂ ನೋಡಬಹುದು. ಪ್ರತಿ ಮೆಟ್ಟಿಲು ಒಂದು ಕಂಬವಾಗಿ ಕಾಣುತ್ತದೆ. 98ರ ಕಂಬ ಗಿಡ್ಡವಾಗಿದ್ದರೆ ಗಾಬರಿ ಬೇಡ. ತಂಬೂರಿಯಲ್ಲಿ ಮೂಲಸ್ವರ ಮೇಲ್ಸ್ವರಗಳಿಗಿಂತ ಸಣ್ಣದಾಗಿರುವುದು ಸಾಮಾನ್ಯ, ಫೋನಿನ ಮೈಕು ಅದನ್ನು ಇನ್ನೂ ತಗ್ಗಿಸುತ್ತದೆ. ನೋಡಬೇಕಾದದ್ದು 490, 588, ಅದರಾಚೆ 1000 ದಾಟಿದ ಕಂಬಗಳು. ಒಂದು ಕಂಬ ಇನ್ನೊಂದಕ್ಕಿಂತ 20 ಡೆಸಿಬೆಲ್ ಕೆಳಗಿದೆ ಅಂದರೆ ಅದರ ಅಲುಗಾಟ ಹತ್ತನೇ ಒಂದು ಭಾಗ. ಒಳ್ಳೆಯ ತಂತಿಯ ಚಿತ್ರ, ಕೆಟ್ಟ ತಂತಿಯ ಚಿತ್ರ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಅಕ್ಕಪಕ್ಕ ಇಡಿ. ನಮ್ಮ ಮಂದ್ರದಲ್ಲಿ ನಾಲ್ಕನೆಯದರ ಆಚೆ ಬರೀ ಹುಲ್ಲು.

ಜೀವಾಳ

ತಂಬೂರಿಯ ಕುದುರೆ ಚೂಪಾಗಿಲ್ಲ. ಅಗಲವಾಗಿದೆ, ಮೇಲ್ಭಾಗ ಕಣ್ಣಿಗೆ ಕಾಣದಷ್ಟು ಉಬ್ಬಿದೆ. ತಂತಿ ಅಲುಗುವಾಗ ಪ್ರತಿ ಸಲವೂ ಆ ಉಬ್ಬಿನ ಮೇಲೆ ಒರಗಿ ಏಳುತ್ತದೆ. ಹೀಗೆ ಒರಗಿ ಏಳುವಾಗ ಮೂಲಸ್ವರದ ಬಲ ಮೇಲಿನ ಮೆಟ್ಟಿಲುಗಳಿಗೆ ಹರಿಯುತ್ತದೆ. ತಂತಿಯ ಆಟ ಕಡಿಮೆಯಾಗುತ್ತಾ ಬಂದಂತೆ ಜೋರಾಗಿರುವ ಮೆಟ್ಟಿಲುಗಳೂ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತವೆ. ಮೀಟಿದ ಮೇಲೆ ದನಿ ಅರಳುತ್ತದೆ ಅನ್ನುತ್ತೇವಲ್ಲ, ಅದು ಇದೇ.

ಒರಗುವುದು ಅಂದರೆ ಸವರಬೇಕು ಅಷ್ಟೇ, ಮಲಗಬಾರದು. ಅದಕ್ಕೇ ಜೀವಾಳದ ದಾರ. ತಂತಿಯ ಕೆಳಗೆ ದಾರ ಸೇರಿಸಿದರೆ ತಂತಿ ಕೂದಲಷ್ಟು ಎದ್ದು ಕುದುರೆಯ ಮುಂಭಾಗವನ್ನು ಸವರಿಕೊಂಡು ಹೋಗುತ್ತದೆ. ಜಾಗ ಹುಡುಕುವ ಬಗೆ ಹೀಗೆ. ಮೊದಲು ಶ್ರುತಿ ಮಾಡಿ. ದಾರದ ಎರಡೂ ತುದಿ ಹಿಡಿದು ತಂತಿಯ ಕೆಳಗೆ ಹಿಂದಕ್ಕೆ ಮುಂದಕ್ಕೆ ನಿಧಾನವಾಗಿ ಜರುಗಿಸಿ, ಇನ್ನೊಬ್ಬರು ಬಿಡದೆ ಮೀಟುತ್ತಿರಲಿ. ಮಂಕು, ಮಂಕು, ಮಂಕು, ಆಮೇಲೆ ಒಂದು ಕಡೆ ಬಾಗಿಲು ತೆರೆದ ಹಾಗೆ ದನಿ ಹೊರಗೆ ಬರುತ್ತದೆ. ಅಲ್ಲಿಂದ ಅರ್ಧ ಮಿಲಿಮೀಟರ್ ಮುಂದೆ ಹೋದರೆ ಮತ್ತೆ ಮುಚ್ಚುತ್ತದೆ. ಅವಸರ ಮಾಡಿದರೆ ಆ ಜಾಗ ದಾಟಿಹೋಗುತ್ತದೆ. ಸಿಕ್ಕ ಮೇಲೆ ಶ್ರುತಿ ಮತ್ತೆ ನೋಡಿ, ದಾರ ಜರುಗಿದರೆ ಶ್ರುತಿಯೂ ಸ್ವಲ್ಪ ಜರುಗುತ್ತದೆ. ಶ್ರುತಿ ಒಂದು ಮನೆ ಏರಿಸಿದರೆ ಜೀವಾಳದ ಜಾಗವೂ ಬದಲಾಗುತ್ತದೆ.

ಎಲ್ಲೂ ಬಾಗಿಲು ತೆರೆಯದಿದ್ದರೆ ದಾರವನ್ನೇ ಅನುಮಾನಿಸಿ. ದಾರ ದಪ್ಪವಾದರೆ ತಂತಿ ಕುದುರೆಯನ್ನು ಮುಟ್ಟುವುದೇ ಇಲ್ಲ, ದನಿ ಶುಭ್ರವಾಗಿದ್ದರೂ ಒಣಗಿರುತ್ತದೆ. ತೆಳುವಾದರೆ ತಂತಿ ಏಳುವುದೇ ಇಲ್ಲ, ಮಂಕು. ತಿಂಗಳುಗಟ್ಟಲೆ ಒತ್ತಿಸಿಕೊಂಡ ದಾರ ಚಪ್ಪಟೆಯಾಗುತ್ತದೆ, ತೇವ ಹಿಡಿದದ್ದು ಮೆತ್ತಗಾಗುತ್ತದೆ. ನಾನು ಬಳಸುವುದು ಹತ್ತಿಯ ದಾರ, ಕೆಲವರು ರೇಷ್ಮೆ ಇಡುತ್ತಾರೆ. ಒಂದೆಳೆ, ಎರಡೆಳೆ, ಮೂರೆಳೆ ಹೊಸೆದು ಇಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಿ.

ನಾನು ಮೂರನ್ನೂ ನೋಡಿದೆ. ಸಾರಣಿಯ ಕೆಳಗಿದ್ದ ಒಳ್ಳೆಯ ದಾರವನ್ನೇ ತೆಗೆದು ಮಂದ್ರಕ್ಕೆ ಇಟ್ಟೆ. ಉಹುಂ. ಮಂದ್ರದ ದಾರವನ್ನು ಸಾರಣಿಗೆ ಇಟ್ಟರೆ ಅಲ್ಲಿ ಹಾಡಿತು. ದಾರದ ತಪ್ಪಲ್ಲ. ಹೀಗೆ ಅದಲು ಬದಲು ಮಾಡಿ ನೋಡುವುದು ಬಹಳ ಸಮಯ ಉಳಿಸುತ್ತದೆ.

ತಂತಿ, ಬೆರಳು

ಹಳೆಯ ತಂತಿಯ ಮೇಲಿನ ತುಕ್ಕು, ಬೆವರು, ಜಿಡ್ಡು ಮೇಲಿನ ಮೆಟ್ಟಿಲುಗಳನ್ನು ಬೇಗ ಆರಿಸುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ ನೋಡಿ, ಆಗದಿದ್ದರೆ ಬದಲಿಸಿ. ಹೊಸ ತಂತಿಯೂ ಕೆಟ್ಟದ್ದಿರಬಹುದು. ಕಟ್ಟುವಾಗ ಮಡಿಕೆ ಬಿದ್ದಿದ್ದರೆ, ದಪ್ಪ ಒಂದೇ ಸಮ ಇಲ್ಲದಿದ್ದರೆ, ಅದರ ಮೆಟ್ಟಿಲುಗಳು ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು ಕೂರುವುದಿಲ್ಲ. ಅಂಥ ತಂತಿ ಎಷ್ಟು ತಿರುಗಿಸಿದರೂ ಶ್ರುತಿ ಸೇರಿತು ಅನ್ನಿಸುವುದಿಲ್ಲ. 40ರಲ್ಲಿ ಬೆರಳಿಟ್ಟು ಬರುವ ಸ, ಟ್ಯೂನರಿನಲ್ಲಿ ಬರಿ ತಂತಿಯ ಸರಿಯಾದ ಎರಡರಷ್ಟು ಇದೆಯೇ ನೋಡಿ. ನಮ್ಮದು ಸರಿ ಇತ್ತು.

ಬೆರಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರಳ ತುದಿಯ ಮೆತ್ತಗಿನ ಭಾಗದಲ್ಲಿ ಸವರಿದರೆ ದನಿ ದುಂಡಗೆ, ಉಗುರು ತಾಗಿದರೆ ಚೂಪು. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಒಂದೇ ಬೆರಳು ಮೂರು ತಂತಿ ನುಡಿಸುವಾಗ ಮೂರನೆಯದಷ್ಟೇ ಸತ್ತಿದ್ದರೆ ಅದು ಬೆರಳಿನ ತಪ್ಪಲ್ಲ.

ತಪ್ಪು ಉಲ್ಟಾ ಇದ್ದರೆ

ಕೆಲವರದು ಇದಕ್ಕೆ ವಿರುದ್ಧ: ದನಿ ಮಂಕಲ್ಲ, ಕರ್ಕಶ. ಮೊದಲು ಅದು ಜೀವಾಳದ ಝೇಂಕಾರವೋ, ಎಲ್ಲೋ ಸಡಿಲವಾದದ್ದರ ಗಿರಗಿರವೋ ತಿಳಿಯಿರಿ. ದಾರ ತೆಗೆದಾಗ ಹೋದರೆ ಝೇಂಕಾರ. ದಾರ ತೆಗೆದರೂ ಉಳಿದರೆ ಸಡಿಲು. ಆಗ ಒಬ್ಬರು ಮೀಟುತ್ತಿರಲಿ, ನೀವು ಒಂದೊಂದಾಗಿ ಮಣಿ, ಬಿರಡೆ, ಕುದುರೆಯ ಕಾಲು, ಹಲಗೆಯ ಅಂಚು ಒತ್ತಿ ಹಿಡಿಯಿರಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿದೆ ತಪ್ಪು. ಹೆಚ್ಚಿನ ಸಲ ಅದು ಮಣಿಯೇ.

ಝೇಂಕಾರ ಎಷ್ಟಿರಬೇಕು ಅನ್ನುವುದು ಮಾತ್ರ ರುಚಿಯ ವಿಷಯ. ಧಾರವಾಡದ ಕಡೆಯ ಹಿಂದೂಸ್ತಾನಿ ಗಾಯಕರಲ್ಲೂ ಕೆಲವರಿಗೆ ಖುಲ್ಲಾ (ತೆರೆದ, ಮಿಂಚುವ) ಜವಾರಿ ಬೇಕು, ಕೆಲವರಿಗೆ ಗೋಲ್ (ದುಂಡಗಿನ). ಮೇಲಿನ ಮೆಟ್ಟಿಲುಗಳು ಜಾಸ್ತಿ ಜೋರಾಗಿ ಮಂದ್ರದ ಗಂಭೀರವೇ ಕರಗಿಹೋದರೆ ನನ್ನ ಕಿವಿಗೆ ಅದು ತಪ್ಪು. ನಿಮಗೆ ಇಷ್ಟವಾದರೆ ಬಿಡಿ.

ಕೊನೆಗೆ ಕುದುರೆ, ಕಣ್ಣಿನಿಂದ ಮಾತ್ರ

ನಾಲ್ಕನೇ ದಿನ ಸಂಜೆ ಕರೆಂಟು ಹೋಗಿತ್ತು. ಟಾರ್ಚ್ ಹಿಡಿದು ತಂಬೂರಿ ಮುಚ್ಚೋಕೆ ಬಂದೆ. ಬೆಳಕು ಪಕ್ಕದಿಂದ ಕುದುರೆಯ ಮೇಲೆ ಬಿತ್ತು. ಮೇಲಿನಿಂದ ನೋಡಿದಾಗ ನಯವಾಗಿ ಕಾಣುತ್ತಿದ್ದ ಮೂಳೆಯ ಮೇಲೆ ನಾಲ್ಕು ಕರಿ ಗೆರೆಗಳು. ವರ್ಷಗಟ್ಟಲೆ ತಂತಿ ಉಜ್ಜಿ ಉಜ್ಜಿ ಕೊರೆದ ಕಾಲುವೆಗಳು. ಮೂರು ತೆಳ್ಳಗೆ. ಮಂದ್ರದ ಕೆಳಗಿನದು ಅಗಲ, ಆಳ. ಭೂತಗನ್ನಡಿ ಹಿಡಿದು ನೋಡಿದೆ. ಹೊಸ ಹಿತ್ತಾಳೆ ತಂತಿ ಆ ಕಾಲುವೆಯ ತಳಕ್ಕೆ ಇಳಿದು, ಎರಡೂ ಬದಿಯಲ್ಲಿ ಗೋಡೆ ಇಟ್ಟುಕೊಂಡು ಮಲಗಿತ್ತು. ದಾರವೂ ತಂತಿಯ ಜೊತೆ ಕಾಲುವೆಯೊಳಗೆ ಇಳಿದಿತ್ತು.

ಎತ್ತಿಟ್ಟಿದ್ದ ಹಳೆಯ ತಂತಿಯನ್ನು ಹುಡುಕಿ ತೆಗೆದು ಪಕ್ಕದಲ್ಲಿಟ್ಟೆ. ಹೊಸದು ಅದಕ್ಕಿಂತ ತೆಳು. ಹಳೆಯ ದಪ್ಪ ತಂತಿ ಕೊರೆದ ಕಾಲುವೆಯಲ್ಲಿ ಅದೇ ತಂತಿ ಇದ್ದಾಗ ದಡದ ಮೇಲೆ ತಲೆ ಎತ್ತಿಕೊಂಡಿತ್ತು. ತೆಳು ತಂತಿ ಮುಳುಗಿತು. ಸವರಬೇಕಾದದ್ದು ಮಲಗಿದ ಮೇಲೆ, ಮೇಲಿನ ಮೆಟ್ಟಿಲುಗಳಿಗೆ ಬಲ ಎಲ್ಲಿಂದ ಹೋಗಬೇಕು?

ನೀವೂ ಹೀಗೆ ನೋಡಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಕುದುರೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ದಾರದ ಮುಂದೆ, ಕುದುರೆಯ ಮುಂಭಾಗಕ್ಕೆ ಹೋದಂತೆ ತಂತಿಗೂ ಮೂಳೆಗೂ ನಡುವೆ ಬೆಳಕಿನ ಗೆರೆ ಸೂಜಿಯ ತುದಿಯಂತೆ ಸಣ್ಣದಾಗುತ್ತಾ ಹೋಗಬೇಕು. ಗೆರೆಯೇ ಇಲ್ಲದಿದ್ದರೆ ತಂತಿ ಮಲಗಿದೆ. ಉದ್ದಕ್ಕೂ ಒಂದೇ ದಪ್ಪದ ಗೆರೆ ಇದ್ದರೆ ತಂತಿ ತಾಗುತ್ತಲೇ ಇಲ್ಲ.

ಕಾಲುವೆ ಇದ್ದರೂ ಅರ ಹಿಡಿಯುವ ಅಗತ್ಯ ಇನ್ನೂ ಬಂದಿಲ್ಲ. ಮಂದ್ರವನ್ನು ಎರಡು ಸುತ್ತು ಸಡಿಲ ಮಾಡಿದೆ. ತಂತಿಯನ್ನು ಉಗುರಿನಿಂದ ಎತ್ತಿ, ಕಾಲುವೆಯ ಪಕ್ಕಕ್ಕೆ ಒಂದೂವರೆ ಮಿಲಿಮೀಟರ್‌ನಷ್ಟು ಸರಿಸಿ, ಮೂಳೆಯ ನಯವಾದ ಭಾಗದ ಮೇಲೆ ಕೂರಿಸಿದೆ. ಶ್ರುತಿ ಮಾಡಿ ದಾರ ಜರುಗಿಸಲು ಶುರು ಮಾಡಿದೆ. ಮಗಳು ಮೀಟುತ್ತಿದ್ದಳು. ಮಂಕು, ಮಂಕು. ಆಮೇಲೆ ಅವಳೇ “ನಿಲ್ಲು ಅಪ್ಪಾ, ಅಲ್ಲೇ!” ಅಂದಳು. 40ರಲ್ಲಿ ಮೀಟಿ 40ರಲ್ಲಿ ಬೆರಳಿಟ್ಟೆ. ಸ ನಿಂತು ಹಾಡಿತು. ಅದರ ಮೇಲೆ ಗಾಂಧಾರ.

ಹೀಗೆ ಸರಿಸಲು ಜಾಗ ಇಲ್ಲದಷ್ಟು ಕುದುರೆ ಸವೆದಿದ್ದರೆ, ಆಗ ಮಾತ್ರ ಜವಾರಿ ಮಾಡುವ ಕೈಗೆ ಕೊಡಿ. ಕೊಡುವಾಗ ‘ದನಿ ಸರಿಯಿಲ್ಲ’ ಅಂತ ಹೇಳಬೇಡಿ. ‘ಮಂದ್ರ ನಡುವೆ ಮೀಟಿ ಅಲ್ಲೇ ಬೆರಳು ತಾಗಿಸಿದರೆ ಆರುತ್ತದೆ, ಉಳಿದ ಮೂರು ಸರಿ, ದಾರ ಬದಲಿಸಿ ನೋಡಿದ್ದೇನೆ, ಕಾಲುವೆ ಇದೆ’ ಅಂತ ಹೇಳಿ. ಒಳ್ಳೆಯ ಕೆಲಸಗಾರ ಅಷ್ಟಕ್ಕೇ ಎಲ್ಲಿ, ಎಷ್ಟು ಅಂತ ತಿಳಿದುಕೊಂಡು ಬೇಕಾದ ಕಡೆ ಮಾತ್ರ ಕೈ ಹಾಕುತ್ತಾನೆ. ಹಳೆಯ ತಂತಿಯ ಒಂದು ತುಂಡನ್ನೂ ಜೊತೆಗೆ ಕೊಡಿ, ದಪ್ಪ ಹೋಲಿಸಲು.

ನಾನು ಈಗ ತಂಬೂರಿಯ ಚೀಲದ ಒಳಗೆ ಒಂದು ಚೀಟಿ ಹೊಲಿದಿದ್ದೇನೆ. ನಾಲ್ಕೂ ತಂತಿಯ ದಪ್ಪ, ಯಾವುದಕ್ಕೆ ಎಷ್ಟೆಳೆಯ ದಾರ, ತಂತಿ ಹಾಕಿಸಿದ ತಾರೀಖು. ಪ್ರಯಾಣಕ್ಕೆ ತಂತಿ ಸಡಿಲಿಸಿದಾಗ ದಾರಗಳು ಉದುರಿ ಕಳೆದುಹೋಗುತ್ತವೆ. ಅವಕ್ಕೆ ಒಂದು ಬೆಂಕಿಪೊಟ್ಟಣ ಇಟ್ಟಿದ್ದೇನೆ, ಅದರೊಳಗೆ ನಾಲ್ಕು ದಾರ, ಪ್ರತಿಯೊಂದಕ್ಕೂ ಅದರ ತಂತಿಯ ಹೆಸರು ಬರೆದ ಕಾಗದದ ಚೂರು.